ಸುನಂದಮ್ಮನಿಗೆ ಸಿಕ್ಕಿದ್ದ ನಲವತ್ತೆಂಟು ಗಂಟೆ

ಬೆಳಗಿನ ಐದೂವರೆ. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯಿಂದ ಒಂದು ಮೈಲಿ ಒಳಗೆ, ಹೊಗೆಸೊಪ್ಪಿನ ಹೊಲದ ಮೇಲೆ ಮಂಜು ಇನ್ನೂ ಕದಲಿಲ್ಲ. ಹೊಲದ ಅಂಚಿನಲ್ಲಿ, ಸೊಪ್ಪು ಬೇಯಿಸುವ ಕಟ್ಟಡವಾದ ಬ್ಯಾರನ್ನಿನ ಒಲೆಬಾಯಿಗೆ ಸುನಂದಮ್ಮ ನೀಲಗಿರಿ ಸೌದೆಯೊಂದನ್ನು ನೂಕುತ್ತಾರೆ. ಎದ್ದು, ಗೋಡೆಯಲ್ಲಿರುವ ಪುಟ್ಟ ಗಾಜಿಗೆ ಟಾರ್ಚ್ ಹಿಡಿದು ಒಳಗೆ ನೇತಾಡುವ ಥರ್ಮಾಮೀಟರ್ ನೋಡುತ್ತಾರೆ. ನೂರ ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್. ಆಮೇಲೆ ಗೋಡೆಗೆ ಅಂಗೈ ಒತ್ತಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ.

"ಗಾಜು ಒಂದೊಂದ್ ಸಲ ಸುಳ್ಳೇಳ್ತದೆ. ಕೈಗೆ ಗೊತ್ತಾಯ್ತದೆ ಕಣ್ರೀ" ಎನ್ನುತ್ತಾರೆ.

ಒಳಗೆ ಐನೂರಕ್ಕೂ ಹೆಚ್ಚು ಕಡ್ಡಿಗಳಲ್ಲಿ ಪೋಣಿಸಿದ ಹಸಿ ಎಲೆ ತೂಗುತ್ತಿದೆ. ಅದು ಹಳದಿಗೆ ತಿರುಗಿ, ಎಲೆ ಒಣಗಿ, ಕೊನೆಗೆ ದಂಟೂ ಒಣಗಲು ಐದಾರು ದಿನ ಬೇಕು. ಅಷ್ಟೂ ದಿನ ಬೆಂಕಿ ಏರಬೇಕಾದಾಗ ಏರಬೇಕು, ನಿಲ್ಲಬೇಕಾದಲ್ಲಿ ನಿಲ್ಲಬೇಕು. ಒಂದು ಗಂಟೆ ಕಣ್ಣು ತಪ್ಪಿದರೂ ಎಲೆ ಕಪ್ಪಾಗುತ್ತದೆ. ಈ ಕಡೆ ಸೊಪ್ಪು ಪೋಣಿಸುವುದು ಹೆಂಗಸರ ಕೆಲಸ, ಬೆಂಕಿ ನೋಡುವುದು ಗಂಡಸರದು. ಸುನಂದಮ್ಮ ಅಪ್ಪನ ಪಕ್ಕ ಕೂತು ಬೆಂಕಿ ಕಲಿತವರು. ಅಪ್ಪ ತೀರಿಕೊಂಡ ವರ್ಷ ಆ ಜಾಗದಲ್ಲಿ ಕೂತರು. ಈಗ ಅವರಿಗೆ ನಲವತ್ತೆರಡು. ಒಂದು ಹಂಗಾಮಿಗೆ ಹದಿನಾಲ್ಕು ಸಲ ಬ್ಯಾರನ್ ಬೇಯಿಸುತ್ತಾರೆ.

"ಇಪ್ಪತ್ತು ವರ್ಷದಲ್ಲಿ ಆಯಮ್ಮ ನನ್ನ ಸೊಪ್ಪು ಒಂದು ಸಲಾನೂ ಕೆಡಿಸಿಲ್ಲ" ಎನ್ನುತ್ತಾರೆ ಬ್ಯಾರನ್ನಿನ ಯಜಮಾನ ಕರಿಯಪ್ಪ. ಅವರು ಹಾಗೆ ಹೇಳುವಾಗ ಸುನಂದಮ್ಮ ನೆಲ ನೋಡುತ್ತಾರೆ. ಆ ಹೊಗಳಿಕೆಯಲ್ಲಿ ಅವರಿಗೆ ಚುಚ್ಚುವ ಮುಳ್ಳೊಂದಿದೆ.

ಗಂಡ ಕಾಂತರಾಜು ಹುಣಸೂರಿನ ಮಂಡಿಯಲ್ಲಿ ಮೂಟೆ ಹೊರುತ್ತಾರೆ. ಮದುವೆಯಾದ ಎಂಟು ವರ್ಷದಲ್ಲಿ ಮೂರು ಸಲ ಬಸಿರು ನಿಂತಿತು, ಮೂರೂ ಸಲ ಇಳಿದುಹೋಯಿತು. ಮೂರನೆಯ ಸಲ ಗರ್ಭಕೋಶವನ್ನೇ ತೆಗೆದರು. ಆಮೇಲೆ ಯಾರೋ ದಲ್ಲಾಳಿ ಮನೆಗೇ ಬಂದ. ಕಾಗದ ಪತ್ರ ಏನೂ ಬೇಡ, ಹೆರಿಗೆಯಾದ ಮಾರನೇ ದಿನವೇ ಕೂಸು ತಂದುಕೊಡುತ್ತೇನೆ ಎಂದ. ಸುನಂದಮ್ಮ ಅವನನ್ನು ಜಗಲಿಯಿಂದಲೇ ಕಳಿಸಿದರು. "ಅದರ ತಾಯಿ ಎಲ್ಲೋ ಎದೆ ಹಿಂಡ್ಕೊಂಡು ಅಳ್ತಾ ಕೂತಿದ್ರೆ ನಾನ್ ಇಲ್ಲಿ ಜೋಗುಳ ಆಡ್ಲಾ?" ಎಂದು ಕೇಳುತ್ತಾರೆ.

ಸರ್ಕಾರದ ದಾರಿಯೇ ಸರಿ ಎಂದು 2018ರಲ್ಲಿ ಗಂಡ ಹೆಂಡತಿ ಹುಣಸೂರು ಬಸ್ ನಿಲ್ದಾಣದ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋದರು. ಅಂಗಡಿ ನಡೆಸುವ ಹರ್ಷಿತಾ ಇಬ್ಬರ ಹೆಸರನ್ನೂ ಸರ್ಕಾರದ ದತ್ತು ಪೋರ್ಟಲ್ಲಿನಲ್ಲಿ ನೋಂದಾಯಿಸಿದರು. ಮದುವೆ ಪ್ರಮಾಣಪತ್ರ, ಆದಾಯ ಪತ್ರ, ಇಬ್ಬರಿಗೂ ದೊಡ್ಡ ಕಾಯಿಲೆ ಇಲ್ಲವೆಂಬ ವೈದ್ಯರ ಪತ್ರ, ಎಲ್ಲವನ್ನೂ ಒಂದೊಂದಾಗಿ ತಂದುಕೊಟ್ಟರು. ತಾಲ್ಲೂಕು ಕಚೇರಿಗೆ ಏಳು ಸಲ ಅಲೆದರು. ಮನೆ ನೋಡಲು ಸಮಾಜ ಕಾರ್ಯಕರ್ತೆಯೊಬ್ಬರು ಬಂದಾಗ ಸುಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಅವರು ಅಡುಗೆಮನೆ ನೋಡಿದರು, ಬಚ್ಚಲು ನೋಡಿದರು. ಮಗು ರಾತ್ರಿಯೆಲ್ಲ ಅತ್ತರೆ ಏನು ಮಾಡುತ್ತೀರಿ ಎಂದು ಕೇಳಿದರು.

"ಎತ್ಕೋತೀನಿ ಅಂದೆ. ಇನ್ನೇನ್ ಏಳ್ಬೇಕಿತ್ತೋ ನಂಗ್ ಗೊತ್ತಾಗ್ಲಿಲ್ಲ."

ಆಮೇಲೆ ಕಾಯುವುದು. ಒಂದು ವರ್ಷ, ಎರಡು ವರ್ಷ. ಮೂರು ವರ್ಷಕ್ಕೆ ಮನೆ ಪರಿಶೀಲನೆಯ ವರದಿ ಹಳತಾಯಿತು. ಮತ್ತೆ ಸುಣ್ಣ, ಮತ್ತೆ ವೈದ್ಯರ ಪತ್ರ, ಮತ್ತೆ ಅದೇ ಪ್ರಶ್ನೆಗಳು. ಪೋರ್ಟಲ್ಲಿನಲ್ಲಿ ತಮ್ಮ ಸರದಿ ಎಷ್ಟನೆಯದು ಎಂದು ಕೇಳಲು ಸುನಂದಮ್ಮ ತಿಂಗಳಿಗೊಮ್ಮೆ ಹರ್ಷಿತಾಳ ಅಂಗಡಿಗೆ ಹೋಗುತ್ತಿದ್ದರು. ಸಾವಿರಗಳಲ್ಲಿದ್ದ ಸಂಖ್ಯೆ ನೂರುಗಳಿಗೆ ಇಳಿದ ದಿನ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು.

2022ರ ಸೆಪ್ಟೆಂಬರ್. ಕರಿಯಪ್ಪನವರ ಬ್ಯಾರನ್ನಿಗೆ ಬೆಂಕಿ ಹಾಕಿ ಎರಡನೇ ದಿನ, ಸುನಂದಮ್ಮ ಹಗಲೂ ರಾತ್ರಿ ಅಲ್ಲೇ. ಬ್ಯಾರನ್ನಿನಲ್ಲಿ ಚಾರ್ಜ್ ಹಾಕಲು ಕರೆಂಟಿಲ್ಲ, ಸುನಂದಮ್ಮನ ಫೋನು ಮನೆಯ ಗೂಡಿನಲ್ಲಿತ್ತು. ಅದಕ್ಕೊಂದು ಮೆಸೇಜು ಬಂತು. ಪೂರ್ತಿ ಇಂಗ್ಲಿಷು. ಸಂಜೆ ಮಂಡಿಯಿಂದ ಬಂದ ಕಾಂತರಾಜು ಅದನ್ನು ನೋಡಿದರು. "ರೀಚಾರ್ಜ್ ಆಫರ್ ಅಂದ್ಕೊಂಡೆ. ದಿನಾ ಅತ್ತಾರು ಬತ್ತಿದ್ವು ಅಂತವು. ನೋಡಿ ಅಂಗೇ ಮಡಗ್ದೆ" ಎನ್ನುತ್ತಾರೆ ಅವರು. ಇಷ್ಟು ಹೇಳಿ ಎದ್ದು ಹೊರಗೆ ಹೋಗುತ್ತಾರೆ.

ಆರನೇ ದಿನ ಬೆಂಕಿ ಆರಿಸಿ, ಮಿಂದು, ಸುನಂದಮ್ಮ ಎಂದಿನಂತೆ ಸರದಿ ಕೇಳಲು ಹುಣಸೂರಿಗೆ ಹೋದರು. ಹರ್ಷಿತಾ ಫೋನು ತೆಗೆದುಕೊಂಡು ಮೆಸೇಜುಗಳನ್ನು ನೋಡುತ್ತ ಒಂದು ಮೆಸೇಜಿನ ಹತ್ತಿರ ತಡೆದರು.

"ಅಕ್ಕಾ, ಪೋರ್ಟಲ್ಲಲ್ಲಿ ನಿಮ್ಗೆ ಮಗು ತೋರ್ಸಿದ್ರಲ್ಲಕ್ಕ. ಎರಡು ದಿನದಲ್ಲಿ ನಾವು ಒಪ್ಕೋಬೇಕಿತ್ತು. ಇದು ಬಂದು ನಾಲ್ಕು ದಿನ ಆಯ್ತು."

"ಈಗ ಒಪ್ಕೋ ಮಗ."

"ಈಗ ಆಗಲ್ಲಕ್ಕ. ಬೇರೆಯವರಿಗೆ ತೋರ್ಸಿರ್ತಾರೆ."

ನಲವತ್ತೆಂಟು ಗಂಟೆ. ಅಷ್ಟೂ ಹೊತ್ತು ಸುನಂದಮ್ಮ ಬೇರೆಯವರ ಸೊಪ್ಪು ಕಪ್ಪಾಗದಂತೆ ಕಾಯುತ್ತಿದ್ದರು. ಆ ಮಗುವಿನ ಫೋಟೋ ಅವರಿಗೆ ನೋಡಲು ಸಿಗಲೇ ಇಲ್ಲ. "ಗಂಡೋ ಎಣ್ಣೋ ಅಂತಾನೂ ಗೊತ್ತಾಗ್ಲಿಲ್ಲ. ಅಳಾನಾ ಅಂದ್ರೆ ಯಾವ ಮಖ ನೆನ್ಸ್ಕೊಂಡು ಅಳ್ಲಿ?"

ಹೀಗೆ ಮಗು ತೋರಿಸುವ ಅವಕಾಶ ಒಟ್ಟು ಮೂರೇ. ಒಂದು ಹೋಯಿತು. ಅಂದಿನಿಂದ ಫೋನು ಅವರ ಸೆರಗಿನ ಗಂಟಿನಲ್ಲಿದೆ. ಯಾವ ಮೆಸೇಜು ಬಂದರೂ ಬ್ಯಾರನ್ನಿಗೆ ಸೌದೆ ತರುವ ಟ್ರಾಕ್ಟರಿನವನಿಂದ ಹಿಡಿದು ಶಾಲೆಯ ಮೇಷ್ಟ್ರವರೆಗೆ ಎಲ್ಲರಿಗೂ ತೋರಿಸುತ್ತಾರೆ.

ಎರಡನೇ ಸಲ ಬಂದದ್ದು 2024ರ ಫೆಬ್ರುವರಿಯಲ್ಲಿ, ಒಂದು ಶುಕ್ರವಾರ ಸಂಜೆ ನಾಲ್ಕಕ್ಕೆ. ಅರ್ಧ ಗಂಟೆಯಲ್ಲಿ ಇಬ್ಬರೂ ಹರ್ಷಿತಾಳ ಅಂಗಡಿಯಲ್ಲಿದ್ದರು. ಪರದೆಯ ಮೇಲೆ ಮೂರು ವರ್ಷದ ಹುಡುಗ. ಕೆಂಪು ಸ್ವೆಟರ್, ಗುಂಡಿ ತಪ್ಪಾಗಿ ಹಾಕಿದೆ. ಫೋಟೋ ತೆಗೆದವರನ್ನು ಬಿಟ್ಟು ಪಕ್ಕದಲ್ಲೇನನ್ನೋ ನೋಡುತ್ತಿದ್ದಾನೆ. ಸುನಂದಮ್ಮ ಪರದೆಯನ್ನು ಮುಟ್ಟಿದರು.

ಆಮೇಲೆ ಹರ್ಷಿತಾ ವೈದ್ಯಕೀಯ ವರದಿಯನ್ನು ಕನ್ನಡದಲ್ಲಿ ಹೇಳಿದರು. ಹೃದಯದಲ್ಲಿ ಸಣ್ಣದೊಂದು ತೂತಿದೆ. ತಾನಾಗಿಯೇ ಮುಚ್ಚಿಕೊಳ್ಳಬಹುದು. ಮುಚ್ಚದಿದ್ದರೆ ಮುಂದೆ ಆಪರೇಷನ್ ಬೇಕಾಗಬಹುದು. ಮಾರನೇ ದಿನ ಆ ಕಾಗದ ಹಿಡಿದು ಒಬ್ಬ ವೈದ್ಯರ ಹತ್ತಿರ ಹೋದರು. ಹೆದರುವಂಥದ್ದಲ್ಲ, ಆದರೆ ಮೈಸೂರಿಗೆ ಆಗಾಗ ತೋರಿಸುತ್ತಿರಬೇಕು, ಹೊಗೆಯಿಂದ ದೂರ ಇಡಬೇಕು ಎಂದರು ಅವರು. ಹೊಗೆ ಎಂದ ಕೂಡಲೇ ಕಾಂತರಾಜು ಹೆಂಡತಿಯ ಮುಖ ನೋಡಿದರು.

ಆ ಶನಿವಾರವೆಲ್ಲ ಮನೆಯಲ್ಲಿ ಅದೇ ಮಾತು.

"ನಾನ್ ಬ್ಯಾರನ್ ಬುಟ್ಬುಡ್ತೀನಿ. ಕಳೆ ಕೀಳಾಕೋಯ್ತೀನಿ" ಎಂದರು ಸುನಂದಮ್ಮ.

"ಬೆಂಕಿ ಬುಡ್ತೀಯ, ಸರಿ. ತಂದ್ಮೇಲೆ ಏನಾದ್ರೂ ಎಚ್ಚುಕಮ್ಮಿ ಆದ್ರೆ? ಮೂರು ಕಳ್ಕೊಂಡಿದೀವಿ ಕಣೇ. ನಡೆದಾಡೋ ಮಗ ಕಳ್ಕೊಳ್ಳಾಕೆ ನನ್ ಕೈಲಿ ಆಗಲ್ಲ" ಎಂದರು ಕಾಂತರಾಜು. ಮದುವೆಯಾದ ಮೇಲೆ ಅವರು ಹೆಂಡತಿಯ ಮುಂದೆ ಅತ್ತದ್ದು ಅದೇ ಮೊದಲು.

ಭಾನುವಾರ ಅಂಗಡಿಗೆ ರಜೆ. ಇವರಿಗಾಗಿ ಹರ್ಷಿತಾ ಬಾಗಿಲು ತೆರೆದು ಕೂತಿದ್ದರು. ಎರಡು ಗಂಟೆಯಾಯಿತು, ಮೂರಾಯಿತು. ಸುನಂದಮ್ಮ ಪರದೆಯ ಮುಂದೆ, ಕಾಂತರಾಜು ಹೊಸಿಲಿನ ಹೊರಗೆ. ಮೂರೂ ಮುಕ್ಕಾಲಿಗೆ ಹರ್ಷಿತಾ ಕೇಳಿದರು: "ಅಕ್ಕಾ, ಒತ್ಲಾ?"

ಒತ್ತು ಎನ್ನಲು ಬಾಯಿ ತೆರೆದೆ ಎನ್ನುತ್ತಾರೆ ಸುನಂದಮ್ಮ. ಆದರೆ ಹೊರಗೆ ನಿಂತ ಗಂಡನ ಬೆನ್ನು ಕಂಡಿತು. ನಾಲ್ಕು ದಾಟಿತು. ಹುಡುಗನ ಚಿತ್ರ ಪರದೆಯಿಂದ ಹೋಯಿತು.

"ಮೊದಲ್ನೇದು ಗೊತ್ತಾಗ್ದೆ ಓಯ್ತು. ಎರಡ್ನೇದು ಗೊತ್ತಿದ್ದೂ ಬುಟ್ಟೊ. ಅವ್ರಿಗೂ ಏನೂ ಅನ್ನಾಂಗಿಲ್ಲ. ನಾನೂ ಸುಮ್ಕಿದ್ನಲ್ಲ."

ಇದಾಗಿ ಒಂದೂವರೆ ವರ್ಷ. ಗಂಡ ಹೆಂಡತಿ ಈಗ ಮನೆಯಲ್ಲಿ ಹೆಚ್ಚು ಮಾತಾಡುವುದಿಲ್ಲ. ಇನ್ನೊಂದು ಅವಕಾಶ ಉಳಿದಿದೆ, ಮನೆ ಪರಿಶೀಲನೆಗೆ ಮೂರನೇ ಸಲ ಬಂದು ಹೋಗಿದ್ದಾರೆ. ಈ ಸಲ ಸುನಂದಮ್ಮ ಸುಣ್ಣ ಹೊಡೆಯಲಿಲ್ಲ. ಇನ್ನೊಂದು ಮೆಸೇಜು ಬಂದರೆ ಒಪ್ಪುತ್ತೀರಾ ಎಂದು ಕೇಳಿದರೆ ಅವರು ಸೆರಗಿನ ಗಂಟನ್ನು ಮುಟ್ಟಿ ನೋಡುತ್ತಾರೆ. "ನಂಬ್ಕೆ ಒರ್ಟೋಗದೆ. ಬರ್ದಿದ್ರೇ ಒಳ್ಳೇದೇನೋ ಅನ್ನಂಗಾಗದೆ" ಎನ್ನುತ್ತಾರೆ.

ಬಿಸಿಲು ಏರಿದೆ. ಸುನಂದಮ್ಮ ಒಲೆಯ ಕೆಂಡ ಕೆದಕಿ ಇನ್ನೆರಡು ಸೌದೆ ಹಾಕುತ್ತಾರೆ. ಅವರು ಹರ್ಷಿತಾಳಿಂದ ದತ್ತು ಕಚೇರಿಗೆ ಎರಡು ಸಲ ಪತ್ರ ಬರೆಸಿದ್ದಾರೆ. ಕೇಳಿದ್ದು ತಮ್ಮ ಸರದಿಯ ಬಗ್ಗೆ ಅಲ್ಲ, ಕೆಂಪು ಸ್ವೆಟರಿನ ಹುಡುಗನ ಬಗ್ಗೆ. ಇನ್ನೊಬ್ಬರ ಮಗುವಿನ ವಿವರ ಕೊಡಲು ಬರುವುದಿಲ್ಲ ಎಂದು ಉತ್ತರ ಬಂದಿದೆ. ಅದು ನ್ಯಾಯವೇ ಎಂದು ಅವರೂ ಒಪ್ಪುತ್ತಾರೆ.

"ಎಸ್ರು ಬ್ಯಾಡ, ಊರು ಬ್ಯಾಡ. ನಂಗೇ ಕೊಡಿ ಅಂತಾನೂ ಕೇಳಲ್ಲ. ಆ ಮಗೀನ ಯಾರಾದ್ರೂ ಕರ್ಕೊಂಡೋದ್ರಾ, ಇಲ್ಲ ಇನ್ನೂ ಅಲ್ಲೇ ಅವ್ನಾ, ಅಷ್ಟು ಏಳಿದ್ರೆ ಸಾಕು ಕಣ್ರೀ."