ದೇವಕಿಯ ಬಲಗೈ ಗ್ಲೌಸು

ಮೊನ್ನೆ ಬೆಳಿಗ್ಗೆ ಹಿತ್ತಲ ಕಡೆಯಿಂದ ಬಿಸಿ ಉಣ್ಣೆಯ ವಾಸನೆ ಬಂತು. ನೆನೆದ ಕುರಿಯನ್ನು ಒಲೆಯ ಪಕ್ಕ ಕಟ್ಟಿದರೆ ಬರುವಂಥ ವಾಸನೆ. ಊಟಿಯಲ್ಲಿ ಒಂದು ಜನವರಿ ಕಳೆದಿದ್ದರೆ ನೀವೂ ಅದನ್ನು ಬಲ್ಲಿರಿ. ಹೋಗಿ ನೋಡಿದರೆ ನನ್ನ ಸೊಸೆ, ಗಂಡನ ಸ್ವೆಟರನ್ನು ಹಬೆಯಾಡುವ ಬಿಸಿನೀರಿನ ಬಕೆಟ್ಟಿಗೆ ಅದ್ದುತ್ತಿದ್ದಾಳೆ. "ಬಿಸಿನೀರು ಬೇಡ!" ಎಂದು ನಾನು ಕಿರುಚಿದ ರಭಸಕ್ಕೆ ಬಕೆಟ್ಟೇ ಉರುಳಿತು.

"ಏನತ್ತೆ, ಹಾವು ಕಂಡೋರ ಥರ! ಒಂದು ಸ್ವೆಟರ್ ತಾನೆ?" ಎಂದಳು.

ಒಂದು ಸ್ವೆಟರ್ ತಾನೆ, ನಿಜ. ಒದ್ದೆ ಕಾಲಲ್ಲೇ ಒಳಗೆ ಬಂದು ಕೂತೆ. ಸೊಸೆಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನೀವೇನು ನನ್ನ ಮುಖವನ್ನು ದಿನಾ ನೋಡಬೇಕಾದವರಲ್ಲ.

ನಾನು ಗುಂಡ್ಲುಪೇಟೆಯ ಬಿಸಿಲಿನಲ್ಲಿ ಬೆಳೆದವಳು. ಮದುವೆಯಾಗಿ ಊಟಿಯ ಬಸ್ಸು ಹತ್ತಿದಾಗ ಮೈಮೇಲಿದ್ದದ್ದು ತೆಳ್ಳನೆಯ ಒಂದು ಸೀರೆ. ತೆಪ್ಪಕಾಡಿನಲ್ಲಿ ಹೊಳೆಗಿಳಿದ ಆನೆ ನೋಡಿ ಚಪ್ಪಾಳೆ ತಟ್ಟಿದವಳು, ಮಸಿನಗುಡಿ ದಾಟಿ ತಿರುವುಗಳನ್ನು ಹತ್ತುವ ಹೊತ್ತಿಗೆ ಹಲ್ಲು ಕಡಿಯುತ್ತ ಹೊಸ ಗಂಡನ ಕೋಟಿನೊಳಗೆ ಸೇರಿಕೊಂಡಿದ್ದೆ. ಅವರಿಗೆ ಕ್ಯಾರೆಟ್, ಆಲೂಗಡ್ಡೆ ವ್ಯಾಪಾರ. ಮೊದಲ ಚಳಿಗಾಲದಲ್ಲೇ ನನ್ನ ಬೆರಳುಗಳು ಕೆಂಪಗೆ ಊದಿ, ರಾತ್ರಿಯೆಲ್ಲ ತುರಿಸಿ, ಅಳು ಬರುವಂತಾಯಿತು. ಆ ಹೆದರಿಕೆಗೇ ಪಕ್ಕದ ಮನೆಯವರಿಂದ ಹೆಣಿಗೆ ಕಲಿತೆ. ಹತ್ತು ವರ್ಷ ಕಳೆಯುವುದರೊಳಗೆ ಮನೆಯ ಮುಂದಿನ ಕೋಣೆ ಸ್ವೆಟರ್ ಅಂಗಡಿಯಾಗಿತ್ತು, ನಾನು ಚಳಿಯ ವಿಷಯದಲ್ಲಿ ಪಂಡಿತೆಯಾಗಿದ್ದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಬಂದದ್ದು ಎರಡು ಕಡ್ಡಿ ಮತ್ತು ಒಂದು ಉಂಡೆ ದಾರ, ಅಷ್ಟಕ್ಕೇ ಆ ಗತಿ.

ನನ್ನದೊಂದು ಗುಟ್ಟೂ ಇತ್ತು. ಹೆಣೆದು ಮುಗಿದ ಗ್ಲೌಸನ್ನು ಬಿಸಿನೀರಿಗೆ ಅದ್ದಿ, ಸೋಪು ಹಚ್ಚಿ ತಿಕ್ಕಿ, ಒಲೆಯ ಬಳಿ ಒಣಗಿಸುತ್ತಿದ್ದೆ. ಉಣ್ಣೆ ಕುಗ್ಗಿ ಹೆಣಿಗೆಯ ಕಣ್ಣೆಲ್ಲ ಮುಚ್ಚಿಕೊಳ್ಳುತ್ತಿತ್ತು. ಸೂಜಿಯಷ್ಟು ಗಾಳಿಯೂ ಒಳಗೆ ನುಗ್ಗದು. ಬೆಳಗಿನ ಹಿಮದಲ್ಲಿ ಕ್ಯಾರೆಟ್ ತೊಳೆಯಲು ಹೋಗುವ ಹೆಂಗಸರು ದಾರಿಗೆ ಹಾಕಿಕೊಂಡು ಹೊಗಳಿದ್ದೇ ಹೊಗಳಿದ್ದು.

ದೇವಕಿ ಊಟಿಯ ಹತ್ತಿರದ ಇತ್ತಲಾರು ಹಳ್ಳಿಯವಳು, ಈ ಬೆಟ್ಟದ ಮೂಲದವರಾದ ಬಡಗರ ಹುಡುಗಿ. ಅಪ್ಪನಿಗೆ ಸಣ್ಣದೊಂದು ಟೀ ತೋಟ. ಅವಳು ಅರವಂಕಾಡಿನ ಕಡೆ ಒಂದು ಶಾಲೆಯಲ್ಲಿ ಆಟ ಕಲಿಸುವ ಟೀಚರ್. ಕಾಲೇಜಿನಲ್ಲಿದ್ದಾಗ ಯಾರೋ ಉತ್ತರದ ಕಡೆಗೆ ಕರೆದೊಯ್ದು ಹಿಮದ ಬೆಟ್ಟ ಹತ್ತುವುದನ್ನು ಕಲಿಸಿದರಂತೆ, ಅಲ್ಲಿಂದ ಅದೇ ಹುಚ್ಚು. ರಜೆ ಬಂದರೆ ಎಲೆಮೂಟೆಯನ್ನು ಬೆನ್ನಿಗೆ ಹಾಕಿಕೊಂಡು ತೋಟದಿಂದ ರಸ್ತೆಗೆ, ರಸ್ತೆಯಿಂದ ಮತ್ತೆ ತೋಟಕ್ಕೆ, ಬೇಕೆಂದೇ ಹತ್ತಿ ಇಳಿಯುತ್ತಿದ್ದಳು. ಸಂತೆಗೆ ಬಂದಾಗಲೆಲ್ಲ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಒಂದು ಲೋಟ ಕಾಫಿ ಕುಡಿಯುವುದು ಅವಳ ಪದ್ಧತಿ. ಅವಳ ಬಡಗ ಮಾತು ನನಗೆ ಅರ್ಧ ತಿಳಿಯುತ್ತಿತ್ತು, ನನ್ನ ಕನ್ನಡ ಅವಳಿಗೆ ಮುಕ್ಕಾಲು. ಉಳಿದದ್ದನ್ನು ತಮಿಳು ತುಂಬಿಸುತ್ತಿತ್ತು.

"ಅಷ್ಟು ಮೇಲೆ ಏನಮ್ಮ ಇದೆ ನಿನಗೆ?" ಎಂದು ಒಮ್ಮೆ ಕೇಳಿದೆ.

"ಏನೂ ಇಲ್ಲ ಅಕ್ಕಾ. ಮದ್ವೆ ಯಾವಾಗ ಅಂತ ಕೇಳೋರು ಅಷ್ಟು ಮೇಲಕ್ಕೆ ಬರಲ್ಲ."

ತೊಂಬತ್ತರ ದಶಕದ ಕೊನೆಯಲ್ಲಿ, ವರ್ಷಗಟ್ಟಲೆ ಸಣ್ಣಪುಟ್ಟ ಶಿಖರ ಹತ್ತಿದ ಮೇಲೆ, ಒಂದು ದೊಡ್ಡ ಶಿಖರಕ್ಕೆ ಹೊರಟ ತಂಡದಲ್ಲಿ ಅವಳಿಗೆ ಜಾಗ ಸಿಕ್ಕಿತು. ಇಂಥ ಜಾಗ ಎರಡನೆಯ ಸಲ ಸಿಗುವುದಿಲ್ಲ ಎಂದು ಅವಳೇ ಹೇಳಿದಳು. ಹೊರಡುವ ಮುಂಚೆ ನನ್ನ ಮುಂದೆ ಕೈ ಚಾಚಿ, "ತಂಡದೋರು ಎಲ್ಲಾ ಕೊಡ್ತಾರೆ. ಆದ್ರೂ ನಿಮ್ಮದೊಂದು ಜೊತೆ ಇರ್ಲಿ ಅಕ್ಕಾ, ಹೆಚ್ಚಿಗೆಗೆ. ಲೂಸಾಗಿರ್ಲಿ, ಒಳಗೆ ಬೆರಳು ಆಡ್ಬೇಕು," ಎಂದಳು. ಹಳೇ ಪೇಪರಿನ ಮೇಲೆ ಅವಳ ಕೈಯಿಡಿಸಿ ಪೆನ್ಸಿಲಿನಲ್ಲಿ ಗೀಟೆಳೆದುಕೊಂಡೆ. ನೀಳವಾದ ಬೆರಳುಗಳು, ಉಗುರಿನ ಸಂದಿಯಲ್ಲಿ ಟೀ ಎಲೆಯ ಕಪ್ಪು.

ಲೂಸಂತೆ! ಅವಳು ಹೋದ ಮೇಲೆ ನಾನು ನಕ್ಕಿದ್ದು ಚೆನ್ನಾಗಿ ನೆನಪಿದೆ. ಬೆಟ್ಟ ಹತ್ತುವುದು ಗೊತ್ತಿರಬಹುದು, ಗ್ಲೌಸಿನ ವಿಷಯ ಈ ಹುಡುಗಿಗೇನು ಗೊತ್ತು? ಸಡಿಲ ಬಿಟ್ಟರೆ ಗಾಳಿ ಹೋಗುವುದಿಲ್ಲವೆ? ಗೀಟಿನ ಒಳಗೇ ಹೆಣೆದೆ. ಸಾಲದ್ದಕ್ಕೆ ಎರಡು ಸಲ ಬಿಸಿನೀರಿಗೆ ಅದ್ದಿದೆ. ಊಟಿಯ ಚಳಿಗೆ ಒಂದು ಸಲ ಸಾಕಾದರೆ ಹಿಮಾಲಯಕ್ಕೆ ಎರಡು ಸಲ ಬೇಡವೆ ಎಂಬುದು ನನ್ನ ಲೆಕ್ಕ. ಹೊರಡುವ ದಿನ ಅವಳು ಅದನ್ನು ಎಳೆದೆಳೆದು ಹಾಕಿಕೊಂಡಳು. ಮುಷ್ಟಿ ಕಟ್ಟಲು ನೋಡಿದಳು. ನನ್ನ ಮುಖ ನೋಡಿದಳು. ಹೊಗಳಿಕೆಗೆ ಕಾದು ನಿಂತ ಮುಖ ಹೇಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ.

"ಚೆನ್ನಾಗಿದೆ ಅಕ್ಕಾ," ಎಂದು ಚೀಲಕ್ಕೆ ಹಾಕಿಕೊಂಡಳು.

ಎರಡು ತಿಂಗಳ ಮೇಲೆ ಬಂದಳು. ಶಿಖರಕ್ಕೆ ಒಂದು ಗಂಟೆಯ ದಾರಿ ಇರುವಾಗ ಹಿಂದಿರುಗಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಊರೆಲ್ಲ ಮರುಗಿತು. ಬಲಗೈಗೆ ದಪ್ಪ ಬ್ಯಾಂಡೇಜು. ಹಿಮ ಕಚ್ಚಿ ನಡುಬೆರಳಿನದೂ ಉಂಗುರದ ಬೆರಳಿನದೂ ತುದಿ ಹೋಗಿತ್ತು. ಯಾಕೆ ಹೀಗಾಯಿತು ಎಂದು ಕೇಳಿದವರಿಗೆಲ್ಲ, ನನಗೂ, ಒಂದೇ ಉತ್ತರ: "ಗಾಳಿ ಜೋರಿತ್ತು." ಆ ಬೆರಳುಗಳನ್ನು ಇನ್ನು ಅಂಥ ಚಳಿಗೆ ಒಡ್ಡಕೂಡದೆಂದು ಡಾಕ್ಟರು ಹೇಳಿಬಿಟ್ಟರು. ಅಲ್ಲಿಗೆ ಬೆಟ್ಟದ ಕಥೆ ಮುಗಿಯಿತು. ನಾನು ಹುಳಿಸಾರು, ಕೋಡುಬಳೆ ಕೊಂಡೊಯ್ದು, ಗಾಳಿಯನ್ನು ಬಾಯಿತುಂಬ ಬೈದು ಬಂದೆ.

ಮೂರು ವರ್ಷವಾದ ಮೇಲೆ ಮೈಸೂರಿನ ಕಡೆಯ ಹೆಂಗಸೊಬ್ಬಳು ಅಂಗಡಿಗೆ ಸ್ವೆಟರ್ ಕೊಳ್ಳಲು ಬಂದಳು. ಮಾತಿಗೆ ಮಾತು ಬಂದು ನೋಡಿದರೆ ಅವಳೂ ಆ ತಂಡದಲ್ಲಿದ್ದವಳು, ಕೊನೆಯ ದಿನ ದೇವಕಿಯ ಜೊತೆ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಹತ್ತಿದವಳು. ನಾನು ಕುರ್ಚಿ ಕೊಟ್ಟು ಕೂರಿಸಿದೆ.

"ಬೂಟಿನ ಪಟ್ಟಿ ಸಡಿಲವಾಯ್ತೂಂತ ಬಲಗೈ ಗ್ಲೌಸ್ ಬಿಚ್ಚಿದ್ಳು. ಗಾಳಿ ಹೊಡ್ಕೊಂಡು ಹೋಯ್ತು. ಚೀಲದಲ್ಲಿ ಇನ್ನೊಂದಿತ್ತಲ್ಲ, ಅದನ್ನ ಹಾಕ್ಕೊಂಡ್ಳು. ಅದೋ, ಕೈಗೆ ದಾರ ಸುತ್ತಿ ಬಿಗಿದ ಹಾಗೆ! ರಕ್ತ ಓಡಿದ್ರೆ ತಾನೆ ಬೆರಳು ಬೆಚ್ಚಗಿರೋದು? ಅರ್ಧ ಗಂಟೇಲಿ ಮರಗಟ್ಟಿತು. ಊರಲ್ಲಿ ಯಾರೋ ಪುಣ್ಯಾತ್ಗಿತ್ತಿ ಹೆಣೆದುಕೊಟ್ಟಿದ್ರಂತೆ," ಎಂದಳು.

ಆ ಪುಣ್ಯಾತ್ಗಿತ್ತಿ ಅವಳಿಗೆ ಎರಡು ಸ್ವೆಟರ್ ಕಟ್ಟಿಕೊಟ್ಟು, ಬಾಗಿಲು ಹಾಕಿಕೊಂಡು, ಗೋಡೆಗೆ ಒರಗಿ ಕೂತಳು. ಕೆಟ್ಟ ಮೇಲೆ ಬುದ್ಧಿ ಬಂತು, ಅದೂ ಮೂರು ವರ್ಷ ತಡವಾಗಿ.

ಮಾರನೆಯ ದಿನವೇ ಇತ್ತಲಾರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಇಳಿಯುವಷ್ಟರಲ್ಲಿ ಎಲ್ಲ ಮರೆತಿತ್ತು. ದೇವಕಿ ತೋಟದಲ್ಲಿ ಎಲೆ ಕೀಳುತ್ತಿದ್ದಳು. ಎರಡು ಎಲೆ ಒಂದು ಮೊಗ್ಗು ಚಿವುಟುವ ಕೆಲಸವನ್ನು ಎಡಗೈಗೆ ಕಲಿಸಿಕೊಂಡಿದ್ದಳು. ನನ್ನನ್ನು ಕಂಡು, "ಕುಳಿ ಅಕ್ಕಾ, ಕುಳಿ," ಎಂದು ಕಲ್ಲಿನ ಮೇಲೆ ಗೋಣಿ ಹಾಸಿದಳು. ನಾನು ಕೂರಲಿಲ್ಲ.

"ನನ್ನ ಗ್ಲೌಸಿಂದ ಆಯ್ತಂತಲ್ಲೇ. ಯಾಕೆ ಹೇಳ್ಲಿಲ್ಲ ನೀನು?"

ಅವಳು ಕಿತ್ತ ಎಲೆಯನ್ನು ಚೀಲಕ್ಕೆ ಹಾಕಿದಳು. ಆಮೇಲೆ ನೇರವಾಗಿ ನೋಡಿ ಹೇಳಿದಳು:

"ಹೇಳಿದ್ದೆ ಅಕ್ಕಾ. ಲೂಸಾಗಿರ್ಲಿ ಅಂತ ಹೇಳಿದ್ದೆ. ನೀವು ಕೇಳ್ಲಿಲ್ಲ."

ಅಲ್ಲೇ ಟೀ ಗಿಡಗಳ ಮಧ್ಯೆ ನಿಂತು ಗಟ್ಟಿಯಾಗಿ ಅತ್ತೆ. ನಾಚಿಕೆಯೂ ಆಗಲಿಲ್ಲ. ಅವಳು ಸಮಾಧಾನ ಮಾಡಲಿಲ್ಲ, ನನ್ನ ಅಳು ಮುಗಿಯುವವರೆಗೆ ಕಾದಳು.

"ಒಂದು ಸಲ ಬೈಬೇಕು ಅಂತ ಮೂರು ವರ್ಷದಿಂದ ಇತ್ತು," ಎಂದಳು. "ಬೈದೆ. ಈಗ ಟೀ ಕುಡೀರಿ."

ಕುಡಿದೆ. ಬಿಟ್ಟುಹೋದ ಆ ಒಂದು ಗಂಟೆಯ ದಾರಿಯ ಬಗ್ಗೆ ಅವಳೂ ಆಡಲಿಲ್ಲ, ನಾನೂ ಕೇಳಲಿಲ್ಲ. ಅವಳಿಗೆ ಬಸ್ಸಿನವರೆಗೆ ಬರಬೇಡವೆಂದೆ, ಬಂದಳು.

ಅಂದಿನಿಂದ ಗಿರಾಕಿ ಹೇಳಿದ ಅಳತೆಯನ್ನು ಅವರಿಗೇ ಗಟ್ಟಿಯಾಗಿ ಓದಿ ಹೇಳಿ, ಸರಿಯೇ ಎಂದು ಕೇಳುತ್ತೇನೆ. ಕೆಲವರಿಗೆ ಬೇಸರ. ಈ ಮುದುಕಿಗೆ ಕಿವಿ ಕೇಳಿಸುವುದಿಲ್ಲ ಎಂದುಕೊಂಡವರೂ ಇದ್ದಾರೆ. ಒಂದು ಲೆಕ್ಕಕ್ಕೆ ಅವರು ಅಂದುಕೊಂಡದ್ದು ಸರಿಯೇ.

ಮೊನ್ನೆ ಆ ಬಕೆಟ್ಟು ಉರುಳಿದ ಮಧ್ಯಾಹ್ನವೇ ದೇವಕಿ ಬಂದಳು. ಹೆಣಿಗೆಗೆ ಕೂತಿದ್ದ ನನ್ನ ಬೆರಳು ಸಂಧಿವಾತಕ್ಕೆ ಸೆಟೆದು ಕಡ್ಡಿ ಜಾರುತ್ತಿತ್ತು. ಅವಳು ಕಡ್ಡಿಯನ್ನು ಬದಿಗಿಟ್ಟು ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

"ಎಲ್ಲಿ ನೋವು, ಹೇಳಿ."

"ಹೆಬ್ಬೆರಳ ಬುಡ."

ಮೊಂಡಾದ ಆ ಎರಡು ಬೆರಳುಗಳಿಂದ ಒತ್ತಿದಳು. "ಇಲ್ಲೇನಾ?"

"ಇನ್ನೊಂಚೂರು ಕೆಳಗೆ."

ಕೆಳಗೆ ಒತ್ತಿದಳು. ನಾನು ಹೇಳಿದಲ್ಲೇ, ಹೇಳಿದಷ್ಟೇ.