ಬಳಿದೆನಕ್ಕ ಬಿಟ್ಟ ಒಂದಕ್ಷರ

ನಾನು ಕನ್ನಡ ಕಲಿಸುತ್ತಿದ್ದ ಎಂಟನೆಯ ತರಗತಿಯಲ್ಲಿ ಅವಳು ಒಂದು ಪ್ರಬಂಧ ಬರೆದಿದ್ದಳು: ‘ನಾನು ಎದ್ದೆ, ಮುಖ ತೊಳೆದೆ, ಶಾಲೆಗೆ ಬಂದೆ.’ ನಾನು ಕೆಂಪು ಶಾಯಿಯಲ್ಲಿ ಮೂರು ಕಡೆಯೂ ‘ನು’ ಸೇರಿಸಿ ಒಂದೂವರೆ ಅಂಕ ಕಳೆದೆನು.

“ಮಾತಾಡುವಾಗ ಹೇಗಾದರೂ ಆಡು. ಬರೆಯುವಾಗ ಎದ್ದೆನು, ಬಂದೆನು. ಯಾರು ಮಾಡಿದ್ದು ಅಂತ ಕ್ರಿಯಾಪದವೇ ಹೇಳಬೇಕು” ಎಂದೆನು.

ಉಳಿದ ಮಕ್ಕಳು ಪರೀಕ್ಷೆ ಮುಗಿದ ಮರುದಿನವೇ ಅದನ್ನು ಮರೆತರು. ಇವಳು ನಲವತ್ತೈದು ವರ್ಷ ಮರೆಯಲಿಲ್ಲ. ದೊಡ್ಡವಳಾಗಿ ಇಂಧನಕೋಶಗಳ ಪ್ರಯೋಗಾಲಯದಲ್ಲಿ ಸಹಾಯಕಿಯಾದಳು. ಅಲ್ಲಿಯ ದಪ್ಪ ರಟ್ಟಿನ ದಿನಚರಿಯಲ್ಲಿ ‘ಅರೆದೆನು, ಸೋಸಿದೆನು, ಬಳಿದೆನು’ ಎಂದು ದಿನವೂ ಬರೆಯುತ್ತಿದ್ದುದನ್ನು ಕಂಡು ಜೊತೆಯವರು ‘ಬಳಿದೆನಕ್ಕ’ ಎಂದು ಹೆಸರಿಟ್ಟರು. ಬಳಿದೆನು, ಅಕ್ಕ, ಬಳಿದೆನಕ್ಕ, ಲೋಪಸಂಧಿ. ಹಾಸ್ಯ ಮಾಡುವವರೂ ಸಂಧಿ ತಪ್ಪಲಿಲ್ಲವೆಂದು ನನಗೆ ಸಮಾಧಾನ.

ಅವಳು ಬಳಿಯುತ್ತಿದ್ದುದು ಗೋಡೆಗಲ್ಲ. ಇಂಧನಕೋಶವೆಂದರೆ ಒಂದು ಕಡೆ ಜಲಜನಕವನ್ನೂ ಇನ್ನೊಂದು ಕಡೆ ಗಾಳಿಯನ್ನೂ ಎಳೆದುಕೊಂಡು, ವಿದ್ಯುತ್ತು ಕೊಟ್ಟು, ನೀರನ್ನು ಹೊರಬಿಡುವ ಪೆಟ್ಟಿಗೆ. ಒಳಗೊಂದು ತೆಳ್ಳನೆಯ ಪೊರೆ. ಅದರ ಮೇಲೆ ಇಂಗಾಲದ ಪುಡಿ, ಪ್ಲಾಟಿನಂ ಕಣಗಳ ಕಪ್ಪು ಲೇಪ. ಆ ಕಣಗಳೇ ವೇಗವರ್ಧಕ. ಅವಿಲ್ಲದೆ ಪೆಟ್ಟಿಗೆ ಬರಿಯ ಡಬ್ಬ. ಆ ಲೇಪದ ಮಸಿ ಅರೆಯುವಾಗ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳಂತೆ. ಗಂಟು ಉಳಿದಿದ್ದರೆ ಬೆರಳಿಗೆ ಮೊದಲು ತಿಳಿಯುತ್ತದೆಯಂತೆ.

“ಲೇಪ ಸವೆಯೋದು ಯಾಕೆ?” ಎಂದು ಒಮ್ಮೆ ಕೇಳಿದ್ದೆನು.

“ಮಕ್ಕಳು ಬೆಂಚಿನಲ್ಲಿ ಬಿಡಿಬಿಡಿಯಾಗಿ ಕೂತರೆ ಪಾಠ ನಡೆಯುತ್ತೆ ಅಲ್ವಾ ಸಾರ್? ಈ ಕಣಗಳೂ ಹಾಗೇನೆ. ಯಂತ್ರ ನಿಲ್ಲಿಸಿ ಶುರು ಮಾಡಿದಾಗೆಲ್ಲ ಒಂಚೂರು ಜರುಗ್ತವೆ. ಆಮೇಲೆ ಮೂಲೇಲಿ ಗುಂಪು ಕಟ್ಕೊಂಡು ಹರಟೆ. ಅದಕ್ಕೇ ಈಗ ಒಂದೊಂದಕ್ಕೂ ಒಂದೊಂದು ಗುಂಡಿ ಮಾಡಿ ಕೂರಿಸ್ತಿದ್ದೀವಿ, ನೀವು ನನ್ನನ್ನ ಮುಂದಿನ ಬೆಂಚಿಗೆ ಎಳ್ಕೊಂಡು ಬಂದ ಹಾಗೆ.”

ಗುಂಡಿಯಲ್ಲಿ ಕೂತ ಕಣಗಳ ಆ ಹೊಸ ಲೇಪ ಹತ್ತು ಸಾವಿರ ಸಲ ನಿಂತು, ಹತ್ತು ಸಾವಿರ ಸಲ ಹೊರಡಬೇಕಿತ್ತು. ಅದಕ್ಕೆ ನಾಲ್ಕು ತಿಂಗಳು ಹಿಡಿಯುತ್ತದೆ. ನಡುವೆ ಕೆಲಸಗಾರರು ತಪಾಸಣೆಗೆಂದು ನಿಲ್ಲಿಸಿದರೆ ಎಣಿಕೆ ಮುಂದುವರಿಯುತ್ತದೆ. ಪೆಟ್ಟಿಗೆಯನ್ನು ಓಡಿಸಿ ಎಣಿಸುವ ಯಂತ್ರ ಅಪಾಯ ಕಂಡು ತಾನೇ ಪರೀಕ್ಷೆ ನಿಲ್ಲಿಸಿದರೆ ಕಾರಣ ಹುಡುಕಿ, ಹೊಸ ಲೇಪ ಬಳಿದು, ಒಂದರಿಂದ ಎಣಿಸಬೇಕು. ಅದು ನಿಯಮ.

ಅವಳ ನಿವೃತ್ತಿಗೆ ಎರಡು ತಿಂಗಳಿದ್ದಾಗ ಹತ್ತು ಸಾವಿರ ಮುಗಿಯಿತು. ಎಲ್ಲರೂ ಕೈಕುಲುಕಿದರು. ಆಮೇಲೆ ದಿನಚರಿಯನ್ನು ಪರಿಶೀಲಿಸುವಾಗ ಆರು ಸಾವಿರದ ನಾನೂರರ ಬಳಿ ಅವಳದೇ ಕೈಬರಹದ ಒಂದು ಸಾಲು ಸಿಕ್ಕಿತು: ‘ಯಂತ್ರ ನಿಲ್ಲಿಸಿದೆ.’ ತಪಾಸಣೆಯ ನಿಲುಗಡೆಯೆಂದುಕೊಂಡು ಉಳಿದವರು ಎಣಿಕೆ ಮುಂದುವರಿಸಿದ್ದರು. ಆ ದಿನದ ಕಂಪ್ಯೂಟರ್ ದಾಖಲೆ ಅಳಿಸಿಹೋಗಿತ್ತು. ಅಂದು ಸಂಜೆಯೇ ಅವಳು ಮಗಳ ಬಾಣಂತನಕ್ಕೆಂದು ರಜೆ ಹಾಕಿ ಹೋಗಿದ್ದರಿಂದ ಅವಳಿಗೂ ಏನೂ ನೆನಪಿರಲಿಲ್ಲ.

ಮರುದಿನ ಮಧ್ಯಾಹ್ನ ದಿನಚರಿಯನ್ನು ಎದೆಗವಚಿಕೊಂಡು ನಮ್ಮ ಮನೆಗೆ ಬಂದಳು.

“ಸಾರ್, ವ್ಯಾಕರಣದ ಪ್ರಶ್ನೆ. ಇದರಲ್ಲಿ ನಿಲ್ಲಿಸಿದ್ದು ಯಾರು? ನಾನಾ, ಯಂತ್ರಾನಾ?”

ಕನ್ನಡಕ ಹಾಕಿಕೊಂಡು ಓದಿದೆನು. “ಎರಡೂ ಆಗುತ್ತೆ ಕಣಮ್ಮ. ‘ಯಂತ್ರವನ್ನು ನಾನು ನಿಲ್ಲಿಸಿದೆ’ ಅನ್ನಬಹುದು, ದ್ವಿತೀಯಾ ಪ್ರತ್ಯಯ ಬಿಟ್ಟಿದ್ದೀಯ ಅಷ್ಟೆ. ‘ಯಂತ್ರವು ಪರೀಕ್ಷೆಯನ್ನು ನಿಲ್ಲಿಸಿದೆ’ ಅಂತಲೂ ಅನ್ನಬಹುದು.”

“ನಮ್ಮ ಮುಖ್ಯಸ್ಥೆ ‘ನೀವೇ ನಿಲ್ಲಿಸಿದ್ದು ಅಂದ್ಬಿಡಿ ಅಕ್ಕ, ಮುಗಿಸಿಬಿಡೋಣ’ ಅಂತಾರೆ.”

ಅವಳ ಬೆರಳುಗಳನ್ನು ನೋಡಿದೆನು. ಉಗುರಿನ ಸಂದಿಗಳಲ್ಲಿ ತೊಳೆದರೂ ಹೋಗದ ಕಪ್ಪು. “ವ್ಯಾಕರಣ ಅಡ್ಡಿ ಬರಲ್ಲ. ನೀನೇ ನಿಲ್ಲಿಸಿದ್ದು ಅಂತ ಓದಬಹುದು” ಎಂದೆನು. ಅಂಕ ಕೊಡುವುದರಲ್ಲಿ ನಾನು ಅಷ್ಟು ಧಾರಾಳಿಯಾದುದು ಅದೇ ಮೊದಲು.

ಅವಳು ಖುಷಿಪಡಲಿಲ್ಲ. ಹಾಳೆಗಳನ್ನು ಹಿಂದಕ್ಕೆ ತಿರುಗಿಸುತ್ತ ಹೋದಳು. ಅರೆದೆನು. ತೂಗಿದೆನು. ಬಳಿದೆನು. ತಪಾಸಣೆಗೆ ನಿಲ್ಲಿಸಿದೆನು.

“ಇಷ್ಟು ವರ್ಷದಲ್ಲಿ ನಾನು ಎಲ್ಲಾದರೂ ‘ನು’ ಬಿಟ್ಟಿದ್ದೀನಾ ಸಾರ್?”

ಒಳಗಿಂದ ಚಹಾ ತಂದ ನನ್ನ ಹೆಂಡತಿ, “ಪಾಪ, ಅವಳನ್ನ ಇನ್ನೂ ಅಳಿಸ್ತಾನೇ ಇದ್ದೀರಲ್ಲ ನೀವು!” ಎಂದಳು.

“ಇಲ್ಲ ಅಮ್ಮಾ, ನಾನು ಅಳ್ತಿಲ್ಲ” ಎಂದು ಅವಳು ಕಣ್ಣೊರೆಸಿಕೊಂಡಳು. “ಯಂತ್ರವೇ ನಿಲ್ಲಿಸಿದ್ದು. ಹೋಗಿ ಹೇಳ್ತೀನಿ.”

ಹೇಳಿದಳು. ಮುಖ್ಯಸ್ಥೆ ತಲೆಯ ಮೇಲೆ ಕೈಹೊತ್ತು, “ಒಂದಕ್ಷರಕ್ಕೆ ನಾಲ್ಕು ತಿಂಗಳಾ ಬಳಿದೆನಕ್ಕ!” ಎಂದರಂತೆ. ಪೆಟ್ಟಿಗೆ ಬಿಚ್ಚಿದಾಗ ಅಂಚಿನ ರಬ್ಬರು, ಒಮ್ಮೊಮ್ಮೆ ಮಾತ್ರ ಸೋರುವಂತೆ, ಕೂದಲೆಳೆಯಷ್ಟು ಸೀಳಿತ್ತು. ಅಲ್ಲಿಂದ ಸೋರಿದ ಜಲಜನಕವನ್ನು ಮೂಸಿಯೇ ಯಂತ್ರ ಅಂದು ನಿಲ್ಲಿಸಿದ್ದು. ಇದೇ ಪೆಟ್ಟಿಗೆಯನ್ನು ವಾಹನದಲ್ಲಿ ಕೂರಿಸಿದ್ದರೆ ಬೆಂಕಿ ಹತ್ತಿಕೊಳ್ಳುವ ಸಂಭವವಿತ್ತು. ಮುಖ್ಯಸ್ಥೆ ತಾವೇ ಎದ್ದು ಹೋಗಿ ಹೊಸ ರಬ್ಬರು ತಂದರು.

ಬಳಿದೆನಕ್ಕ ಮತ್ತೆ ಅರೆದಳು, ಮತ್ತೆ ಬಳಿದಳು. ಎಣಿಕೆ ಐದು ಸಾವಿರ ಮುಟ್ಟುವ ಹೊತ್ತಿಗೆ ನಿವೃತ್ತಿಯಾಯಿತು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲ ಬಳಿಯ ಸಂದರ್ಶಕರ ಪುಸ್ತಕದಲ್ಲಿ, ಬಂದ ಕಾರಣವೆಂಬ ಅಂಕಣದಲ್ಲಿ ‘ನೋಡಿಕೊಂಡು ಹೋಗಲು ಬಂದೆನು’ ಎಂದು ಬರೆದು ಒಳಗೆ ಹೋದಳು. ಕಾವಲುಗಾರ, “ನಿಮ್ಮನ್ನ ಕಳಿಸಿಕೊಟ್ಟು ಇನ್ನೂ ಒಂದಿನ ಆಗಿಲ್ವಲ್ಲಮ್ಮ!” ಎಂದು ನಕ್ಕನಂತೆ. ಎರಡು ತಿಂಗಳು ದಿನವೂ ಹೀಗೆಯೇ ನಡೆಯಿತು.

ಹೋದ ವಾರ ಬಂದು ದಿನಚರಿಯ ಒಂದು ಪುಟದ ನಕಲನ್ನೂ ಕೆಂಪು ಪೆನ್ನನ್ನೂ ನನ್ನ ಮುಂದಿಟ್ಟಳು. ಕೊನೆಯ ಸಲ ಗುಂಡಿ ಒತ್ತಲು ಮುಖ್ಯಸ್ಥೆ ಅವಳನ್ನೇ ಕರೆದಿದ್ದರು. ಲೇಪದ ಶಕ್ತಿ ಹತ್ತರಲ್ಲಿ ಒಂಬತ್ತು ಪಾಲು ಹಾಗೆಯೇ ಉಳಿದಿತ್ತು. ಅವಳ ಗುಂಡು ಅಕ್ಷರಗಳು: ‘ಹತ್ತು ಸಾವಿರನೆಯ ಪ್ರಾರಂಬದ ನಂತರ ಯಂತ್ರವನ್ನು ನಾನೇ ನಿಲ್ಲಿಸಿದೆನು.’

ಎರಡು ಸಲ ಓದಿದೆನು. ‘ಯಂತ್ರವನ್ನು’ ಎಂಬಲ್ಲಿ ಪ್ರತ್ಯಯವಿತ್ತು, ಕೊನೆಯಲ್ಲಿ ‘ನು’ ಇತ್ತು. ಪೆನ್ನಿನ ಮುಚ್ಚಳ ತೆಗೆದೆನು.

“ಪ್ರಾರಂಭದ ಭಕ್ಕೆ ಹೊಟ್ಟೆ ಸೀಳಿಲ್ಲ. ಅರ್ಧ ಅಂಕ ಹೋಯಿತು.”

“ಅಯ್ಯೋ ಸಾರ್!” ಎಂದು ಅವಳು ತಲೆ ಚಚ್ಚಿಕೊಂಡು ನಕ್ಕಳು. ಉಳಿದದ್ದಕ್ಕೆಲ್ಲ ಪೂರ್ತಿ ಅಂಕ ಹಾಕಿದೆನು.