ನಾಲ್ಕಿಂಚಿನ ಹಿಮ್ಮಡಿ

ದುಬೈಯ ಅಲ್ ಕುಸೈಸಿನ ಸೂಪರ್ ಮಾರ್ಕೆಟಿನಲ್ಲಿ ಮಂಗಳೂರು ಸೌತೆಯನ್ನು ಬೆರಳಿನಿಂದ ತಟ್ಟಿ ಆರಿಸುವುದು ನನ್ನ ಪದ್ಧತಿ. ತಟ್ಟಿದರೆ ಏನು ತಿಳಿಯುತ್ತದೆಂದು ಅರವತ್ತರ ಹೊಸ್ತಿಲಿಗೆ ಬಂದರೂ ನನಗೆ ಗೊತ್ತಿಲ್ಲ. ಅಪ್ಪ ತಟ್ಟುತ್ತಿದ್ದರು, ನಾನೂ ತಟ್ಟುತ್ತೇನೆ. ಡಿಸೆಂಬರ್ ಬಂತೆಂದರೆ ಮಾತ್ರ ಈ ತಟ್ಟುವಿಕೆಗೆ ತಾಳ ಸಿಗುತ್ತದೆ. ಅಂಗಡಿಯ ಮಾಡಿನಲ್ಲಿರುವ ಸ್ಪೀಕರಿನಿಂದ ಒಂದು ಹಳೆಯ ಇಂಗ್ಲಿಷ್ ಕ್ರಿಸ್‌ಮಸ್ ಹಾಡು ಕೇಳತೊಡಗಿದೊಡನೆ ಬೆರಳು ತಾನಾಗಿ ಅದರ ಲಯಕ್ಕೆ ಬೀಳುತ್ತದೆ, ಪಕ್ಕದಲ್ಲಿದ್ದವರು ತಮ್ಮ ಗಾಡಿಯನ್ನು ಮೆಲ್ಲಗೆ ಈರುಳ್ಳಿಯ ಕಡೆಗೆ ತಳ್ಳಿಕೊಂಡು ಹೋಗುತ್ತಾರೆ.

ಆ ಹಾಡಿನ ತಂಡದ ಹೆಸರನ್ನು ನಾನು ಹೇಳುವುದಿಲ್ಲ, ಏಕೆಂದರೆ ಅದೇ ಹೆಸರಿನ ತಂಡಗಳು ಒಂದು ಕಾಲದಲ್ಲಿ ಎರಡಿದ್ದವು. ಇಂಗ್ಲೆಂಡಿನ ಯಾವುದೋ ಹೊಗೆಯೂರಿನ ನಾಲ್ವರು ತರುಣರು ಮೊದಲು ಸಾದಾ ಅಂಗಿಯಲ್ಲಿ ಹಾಡಿದರು, ಯಾರೂ ಕೇಳಲಿಲ್ಲ. ಆಮೇಲೆ ಮುಖಕ್ಕೆ ಮಿನುಗುಪುಡಿ, ಮೈಗೆ ಸ್ಯಾಟಿನ್, ಕಾಲಿಗೆ ನಾಲ್ಕಿಂಚು ಹಿಮ್ಮಡಿಯ ಬೂಟು ಬಂದದ್ದೇ ಅವರೂರಿನ ಜನರೆಲ್ಲ ಅವರೊಡನೆ ನೆಲ ಗುದ್ದತೊಡಗಿದರು. ಮೂರ್ನಾಲ್ಕು ವರ್ಷಗಳಲ್ಲಿ ಕಾಲ ಬದಲಾಯಿತು, ಉಳಿದ ತಂಡಗಳು ಬಣ್ಣ ತೊಳೆದುಕೊಂಡವು, ಇವರು ತೊಳೆಯಲಿಲ್ಲ. ಗಾಯಕನಿಗೂ ಗಿಟಾರಿನವನಿಗೂ ಮನಸ್ತಾಪವಾಗಿ ಎರಡು ಪಂಗಡಗಳು ಒಂದೇ ಹೆಸರಿನಲ್ಲಿ ಊರೂರು ಸುತ್ತಿದವು. ಗಿಟಾರಿನವನು ತೀರಿಕೊಂಡ, ಗಾಯಕ ಹಾಡುವುದನ್ನೇ ಬಿಟ್ಟ. ಈಗ ಡ್ರಮ್ಮಿನ ಮುದುಕ ಸಂಬಳದ ಮೂವರನ್ನು ಕಟ್ಟಿಕೊಂಡು ಅದೇ ಬೂಟಿನಲ್ಲಿ ತಿರುಗುತ್ತಿದ್ದಾನೆ. ಕಾಲಪ್ಪಳಿಸಿ ಹಾಡುವುದನ್ನು ಆಮೇಲಿನ ಎಷ್ಟೋ ತಂಡಗಳು ಕಲಿತದ್ದು ಇವರಿಂದ.

ಮಂಗಳೂರಿನ ಕಾಲೇಜಿನಲ್ಲಿ ಇಬ್ರಾಹಿಂ ಎಂಬ ನನ್ನ ಸಹಪಾಠಿ ಅವರ ಕ್ಯಾಸೆಟ್ಟನ್ನು ತಂದಾಗ ಆ ಶೋಕಿ ಅವರ ದೇಶದಲ್ಲೇ ಹಳಸಿ ಹೋಗಿತ್ತು. ನಮಗೆ ಅದರ ಪರಿವೆಯಿರಲಿಲ್ಲ. ಯಕ್ಷಗಾನದ ಬಣ್ಣದ ವೇಷ ನೋಡಿ ಬೆಳೆದ ಕರಾವಳಿಯವರಿಗೆ ಗಂಡಸರು ಮುಖಕ್ಕೆ ಬಣ್ಣ ಬಳಿದುಕೊಳ್ಳುವುದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಇಬ್ಬರೂ ದುಬೈಗೆ ಬಂದ ಮೇಲೆ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಭಾವಗೀತೆಗೂ ಬಹುಮಾನ ವಿತರಣೆಗೂ ನಡುವೆ ನಮ್ಮಿಬ್ಬರ ಹಾಡು ಇದ್ದೇ ಇರುತ್ತಿತ್ತು. ನಾನು ಹಾಡುವುದು, ಅವನು ಗಿಟಾರ್.

ಹನ್ನೊಂದು ವರ್ಷಗಳ ಹಿಂದೆ ನಾನೊಂದು ಹೇಡಿತನದ ಕೆಲಸ ಮಾಡಿದೆ. ಸಕ್ಕರೆ ಕಾಯಿಲೆಯಿಂದ ಇಬ್ರಾಹಿಂನ ಬೆರಳುಗಳು ಬಿಗಿಯುತ್ತಿದ್ದವು, ಸ್ವರಗಳು ತಪ್ಪುತ್ತಿದ್ದವು. ಅವನಿಗೆ ಹೇಳುವ ಧೈರ್ಯವಿಲ್ಲದೆ, ಗಿಟಾರಿನ ಭಾಗವನ್ನು ಮೊದಲೇ ಬೇರೊಬ್ಬರಿಂದ ಧ್ವನಿಮುದ್ರಿಸಿ ತರಿಸಿ ಧ್ವನಿವರ್ಧಕದವನಿಗೆ ಕೊಟ್ಟೆ. ತನ್ನ ಹೆಂಡತಿ ಹೊಲಿದುಕೊಟ್ಟ ಬೆಳ್ಳಿಬಣ್ಣದ ಕೋಟು ತೊಟ್ಟು ವೇದಿಕೆಗೆ ಬಂದ ಇಬ್ರಾಹಿಂ, ಗಿಟಾರಿಗೆ ಸಿಕ್ಕಿಸುವ ವಯರಿಗಾಗಿ ಅತ್ತಿತ್ತ ಹುಡುಕುವಷ್ಟರಲ್ಲಿ ಯಾರೋ ಬಾರಿಸಿದ ಗಿಟಾರ್ ಶುರುವಾಯಿತು. ಹಾಡು ಮುಗಿಯುವ ತನಕ ಅವನು ಗಿಟಾರನ್ನು ಕೊರಳಲ್ಲಿ ತೂಗಿಕೊಂಡು ನಿಂತಿದ್ದನಂತೆ. ನಾನು ತಿರುಗಿ ನೋಡಲಿಲ್ಲ. ಮರುದಿನದಿಂದ ಅವನು ನನ್ನ ಫೋನ್ ಎತ್ತಲಿಲ್ಲ. ದುಬೈಯಲ್ಲಿದ್ದ ತನ್ನ ಅಂಗಡಿಯನ್ನು ದೂರದ ಅಲ್ ಐನ್ ಊರಿಗೆ ಸಾಗಿಸಿಬಿಟ್ಟ. ಕೇಳಿದವರಿಗೆಲ್ಲ ನಾನು, ಅವನು ಮುಂಗೋಪಿ ಎಂದು ಹೇಳುತ್ತ ಬಂದೆ.

ಕಳೆದ ಡಿಸೆಂಬರಿನಲ್ಲಿ ಆ ಡ್ರಮ್ಮಿನ ಮುದುಕನ ತಂಡ ದುಬೈಯ ಹೋಟೆಲೊಂದಕ್ಕೆ ಬಂತು. ಹೆಂಡತಿ ಸುಜಯಾಳೊಂದಿಗೆ ಹೋದೆ. ಹೊಸ ಗಿಟಾರಿನ ತರುಣ ಒಂದೂ ತಪ್ಪಿಲ್ಲದೆ ಬಾರಿಸಿದ. ನನಗೆ ಅದು ಇಬ್ರಾಹಿಂನ ಬೆನ್ನ ಹಿಂದೆ ನಾನು ಕೇಳಿಸಿದ ಧ್ವನಿಮುದ್ರಣದಂತೆಯೇ ಕೇಳಿತು. ಕೊನೆಯಲ್ಲಿ ಮುದುಕ ಮೈಕಿನ ಮುಂದೆ ಬಂದು, ಅಂದು ಜಗಳವಾಡುತ್ತಿದ್ದ ಗೆಳೆಯರಿಬ್ಬರ ಬೆನ್ನುಗಳನ್ನಷ್ಟೇ ಡ್ರಮ್ಮಿನ ಹಿಂದಿನಿಂದ ನೋಡುತ್ತ ಕೂತಿದ್ದೆ, ಎದ್ದು ಬಂದು ಮಾತಾಡಿಸಬಹುದಿತ್ತು, ಮಾತಾಡಿಸಲಿಲ್ಲ ಎಂದ. ನನ್ನ ಕಣ್ಣು ತುಂಬಿತು. ಬಾಗಿಲಲ್ಲಿ ಎರಚಿದ ಮಿನುಗುಪುಡಿ ಕಣ್ಣಿಗೆ ಬಿತ್ತೆಂದು ಸುಜಯಾಳಿಗೆ ಹೇಳಿದೆ.

“ಪುಡಿ ಅಂತೆ,” ಎಂದಳು ಅವಳು. “ಶನಿವಾರ ಅಲ್ ಐನಿಗೆ ಹೋಗಿ ಬನ್ನಿ. ಇಬ್ರಾಹಿಂ ಭಾಯಿಯ ಅಂಗಡಿ ಎಲ್ಲುಂಟು ಅಂತ ನನಗೆ ಗೊತ್ತುಂಟು.”

ಇಬ್ರಾಹಿಂನದು ಶಾಲಾ ಸಮವಸ್ತ್ರದ ಅಂಗಡಿ. ಒಂದೂವರೆ ಗಂಟೆ ಕಾರು ಓಡಿಸಿಕೊಂಡು ಹೋಗಿ ಎದುರಿಗೆ ನಿಂತರೆ, ಅವನು ನನ್ನನ್ನು ನೋಡಿಯೂ ನೋಡದವನಂತೆ “ಯಾವ ಕ್ಲಾಸಿನ ಸೈಜು?” ಎಂದು ಕೇಳಿದ. “ಐದು” ಎಂದುಬಿಟ್ಟೆ. ನೀಲಿ ಚಡ್ಡಿಯೊಂದನ್ನು ಕೊಂಡು ವಾಪಸು ಬಂದೆ. ಬಿಡಬಾರದೆಂದು ಮುಂದಿನ ಶನಿವಾರ ಹೋದೆ, ಟೈ ಬಂತು. ಅದರ ಮುಂದಿನ ಶನಿವಾರ ಬಿಳಿ ಶರಟು. ಐದನೇ ತರಗತಿಯ ಮಗುವಿಗೆ ಬೇಕಾದ್ದೆಲ್ಲ ಈಗ ನಮ್ಮ ಮನೆಯಲ್ಲುಂಟು, ಮಗುವೊಂದನ್ನು ಬಿಟ್ಟು.

ನಾಲ್ಕನೆಯ ಶನಿವಾರ ಅವನು ಬಾಯಿ ತೆರೆಯುವ ಮೊದಲೇ ಹೇಳಿದೆ: “ಏನೂ ಬೇಡ ಮಾರಾಯ. ಆ ರೆಕಾರ್ಡಿಂಗ್ ತರಿಸಿದ್ದು ನಾನೇ. ನಿನ್ನ ಹತ್ರ ಹೇಳ್ಲಿಕ್ಕೆ ಹೆದರಿದೆ. ತಪ್ಪು ನಂದು.”

“ಅದು ಖಲಾಸ್ ಆದ ವಿಷಯ,” ಎಂದು ಇಬ್ರಾಹಿಂ ಶರಟು ಮಡಚತೊಡಗಿದ. ಬೆರಳುಗಳು ಮಡಚದ ಕಾರಣ ಅಂಗೈಯಿಂದ ಒತ್ತಿ ಒತ್ತಿ ಮಡಚುತ್ತಿದ್ದ.

“ಆಗಿಲ್ಲ. ಆಗುವವರೆಗೆ ನಾನು ಬರುವವನೇ.”

ಅವನು ಆ ಶರಟನ್ನು ಮುಗಿಸಿ ಇನ್ನೊಂದನ್ನು ಎತ್ತಿಕೊಂಡ. “ಒಂದು ಕೇಳ್ತೇನೆ. ಆ ದಿನ ಸ್ಟೇಜಲ್ಲಿ ನನ್ನ ಮುಖ ನೋಡಿದ್ದೀಯಾ ನೀನು?”

“ಇಲ್ಲ. ನೋಡಿದ್ರೆ ಹಾಡ್ಲಿಕ್ಕೆ ಆಗ್ತಿರ್ಲಿಲ್ಲ.”

ಇಬ್ರಾಹಿಂ ಶರಟನ್ನು ಕೆಳಗಿಟ್ಟ.

“ಹಾಗಾದ್ರೆ ಈಗ ನೋಡು,” ಎಂದ.

ನೋಡಿದೆ. ಗಿರಾಕಿಯೊಬ್ಬರು ಬಾಗಿಲು ತಳ್ಳಿ ಒಳಗೆ ಬರುವ ತನಕ ನೋಡಿದೆ, ಅವರು ಬಂದ ಮೇಲೂ ನೋಡಿದೆ.